ಅಲೆಕ್ಸಾಂಡ್ರೈಟ್

ಅಲೆಕ್ಸಾಂಡ್ರೈಟ್ ಎಂಬುದು ಕ್ರೈಸೊಬೆರಿಲ್ ಖನಿಜದ ಒಂದು ಅಪರೂಪದ ಬಗೆ. ಹಗಲಿನ ಬೆಳಕಿನಲ್ಲಿ ಹಸಿರು ಅಥವಾ ನೀಲಿ ಮಿಶ್ರಿತ ಹಸಿರು ಬಣ್ಣದಲ್ಲಿ ಕಾಣುವ ಈ ರತ್ನವು ಮೇಣದಬತ್ತಿ, ಎಣ್ಣೆಯ ದೀಪ ಅಥವಾ ತಂತಿ ಕಾದು ಉರಿಯುವ ಹಳೆಯ ಬಗೆಯ ವಿದ್ಯುತ್ ಬಲ್ಬಿನ ಬೆಳಕಿನಲ್ಲಿ ಕೆಂಪು ಅಥವಾ ನೇರಳೆ ಮಿಶ್ರಿತ ಕೆಂಪು ಬಣ್ಣಕ್ಕೆ ತಿರುಗಿದಂತೆ ತೋರುತ್ತದೆ. ಈ ಕಾರಣದಿಂದ ರತ್ನವ್ಯಾಪಾರಿಗಳು ಇದನ್ನು ‘ಹಗಲಿನಲ್ಲಿ ಪಚ್ಚೆ, ಇರುಳಿನಲ್ಲಿ ಮಾಣಿಕ್ಯ’ ಎಂದು ಬಣ್ಣಿಸುವುದುಂಟು. ಈ ಕಲ್ಲು 1830ರ ದಶಕದಲ್ಲಿ ರಷ್ಯಾದ ಉರಲ್ ಪರ್ವತ ಪ್ರದೇಶದ ಪಚ್ಚೆಯ ಗಣಿಗಳಲ್ಲಿ ಮೊದಲು ಗುರುತಿಸಲ್ಪಟ್ಟಿತು. ಮುಂದೆ ರಷ್ಯಾದ ಚಕ್ರವರ್ತಿಯಾದ ಎರಡನೆಯ ಅಲೆಕ್ಸಾಂಡರನ ಹೆಸರನ್ನು ಇದಕ್ಕೆ ಇಡಲಾಯಿತು.

ಬಣ್ಣ ಬದಲಾಗುವಾಗ ಕಲ್ಲಿನ ಒಳಗೆ ಯಾವ ರಾಸಾಯನಿಕ ಮಾರ್ಪಾಡೂ ಆಗುವುದಿಲ್ಲ. ಅದರ ಮೇಲೆ ಬೀಳುವ ಬೆಳಕು ಮಾತ್ರ ಬದಲಾಗಿರುತ್ತದೆ. ಕಲ್ಲು ಹೀರಿಕೊಳ್ಳುವ ಬೆಳಕು, ದೀಪವು ಸೂಸುವ ಬೆಳಕು ಮತ್ತು ಮನುಷ್ಯನ ಕಣ್ಣಿನ ಸಂವೇದನೆ ಎಂಬ ಮೂರು ಅಂಶಗಳ ನಡುವಿನ ಸೂಕ್ಷ್ಮ ಸಮತೋಲನದಿಂದ ಈ ಪರಿಣಾಮವು ಉಂಟಾಗುತ್ತದೆ.

ಗುಣಲಕ್ಷಣಗಳು

ಕ್ರೈಸೊಬೆರಿಲ್ ರಾಸಾಯನಿಕವಾಗಿ ಬೆರಿಲಿಯಮ್ ಮತ್ತು ಅಲ್ಯೂಮಿನಿಯಮ್‌ಗಳ ಆಕ್ಸೈಡ್. ಇದರ ಪ್ರತಿ ಸೂತ್ರಘಟಕದಲ್ಲಿ ಒಂದು ಬೆರಿಲಿಯಮ್, ಎರಡು ಅಲ್ಯೂಮಿನಿಯಮ್ ಮತ್ತು ನಾಲ್ಕು ಆಮ್ಲಜನಕದ ಪರಮಾಣುಗಳಿರುತ್ತವೆ. ಶುದ್ಧ ಕ್ರೈಸೊಬೆರಿಲ್‌ಗೆ ಬಣ್ಣವಿಲ್ಲ. ಕಬ್ಬಿಣದ ಅಂಶವು ಸೇರಿದಾಗ ಅದು ಹಳದಿ, ಹಳದಿ ಮಿಶ್ರಿತ ಹಸಿರು ಅಥವಾ ಕಂದು ಬಣ್ಣವನ್ನು ಪಡೆಯುತ್ತದೆ. ಸ್ಫಟಿಕದಲ್ಲಿ ಅಲ್ಯೂಮಿನಿಯಮ್ ಇರಬೇಕಾದ ಕೆಲವು ಸ್ಥಾನಗಳನ್ನು ಕ್ರೋಮಿಯಮ್ ಆಕ್ರಮಿಸಿಕೊಂಡಾಗ ಅಲೆಕ್ಸಾಂಡ್ರೈಟ್ ಉಂಟಾಗುತ್ತದೆ. ಇದಕ್ಕೆ ಬೇಕಾಗುವ ಕ್ರೋಮಿಯಮ್‌ನ ಪ್ರಮಾಣ ಬಹಳ ಅಲ್ಪ.

ಇದರ ಸ್ಫಟಿಕಗಳು ಆರ್ಥೋರಾಂಬಿಕ್ ವ್ಯೂಹಕ್ಕೆ ಸೇರಿವೆ. ಮೂರು ಸ್ಫಟಿಕಗಳು ಒಂದನ್ನೊಂದು ಹಾದು ಬೆಳೆದು ಆರು ಮೂಲೆಗಳ ಚಕ್ರದಂತೆ ಕಾಣುವ ಯುಗಳ ಸ್ಫಟಿಕಗಳು ಕ್ರೈಸೊಬೆರಿಲ್‌ನಲ್ಲಿ ಸಾಮಾನ್ಯ. ಮೋಸ್ ಗಡಸುತನದ ಮಾಪಕದಲ್ಲಿ ಇದರ ಸ್ಥಾನ 8.5. ವಜ್ರ (10), ಮಾಣಿಕ್ಯ ಮತ್ತು ನೀಲಗಳ (9) ನಂತರದ ಸ್ಥಾನವಿದು. ಪಚ್ಚೆಯ ಗಡಸುತನ 7.5ರಿಂದ 8ರಷ್ಟಿದ್ದು ಅಲೆಕ್ಸಾಂಡ್ರೈಟ್‌ಗಿಂತ ಕಡಿಮೆ. ಸಾಪೇಕ್ಷ ಸಾಂದ್ರತೆಯು ಸುಮಾರು 3.73. ವಕ್ರೀಭವನ ಸೂಚ್ಯಂಕವು ಸಾಮಾನ್ಯವಾಗಿ 1.746ರಿಂದ 1.755ರ ವ್ಯಾಪ್ತಿಯಲ್ಲಿರುತ್ತದೆ.

ಅಲೆಕ್ಸಾಂಡ್ರೈಟ್ ಬಹುವರ್ಣತೆಯನ್ನೂ ತೋರುತ್ತದೆ. ಅಂದರೆ ಒಂದೇ ಬೆಳಕಿನಲ್ಲಿ ಸ್ಫಟಿಕವನ್ನು ಬೇರೆ ಬೇರೆ ದಿಕ್ಕುಗಳಿಂದ ನೋಡಿದಾಗ ಹಸಿರು, ಕಿತ್ತಳೆ ಮಿಶ್ರಿತ ಹಳದಿ ಮತ್ತು ನೇರಳೆ ಮಿಶ್ರಿತ ಕೆಂಪು ಛಾಯೆಗಳು ಕಾಣಿಸುತ್ತವೆ. ಬಹುವರ್ಣತೆಯನ್ನು ಬಣ್ಣದ ಬದಲಾವಣೆಯೊಂದಿಗೆ ಹಲವರು ಗೊಂದಲ ಮಾಡಿಕೊಳ್ಳುತ್ತಾರೆ. ಬಹುವರ್ಣತೆಯು ನೋಡುವ ದಿಕ್ಕನ್ನು ಅವಲಂಬಿಸಿದೆ. ಬಣ್ಣದ ಬದಲಾವಣೆಯು ಬೆಳಕಿನ ಮೂಲವನ್ನು ಅವಲಂಬಿಸಿದೆ. ಕಲ್ಲನ್ನು ಅಲುಗಾಡಿಸದೆ ದೀಪವನ್ನು ಮಾತ್ರ ಬದಲಿಸಿದಾಗಲೂ ಬಣ್ಣವು ಬೇರೆಯಾಗಿ ಕಂಡರೆ ಅದು ನಿಜವಾದ ಬಣ್ಣ ಬದಲಾವಣೆ.

ಪತ್ತೆ ಮತ್ತು ಹೆಸರು

ಉರಲ್ ಪರ್ವತಗಳ ಪೂರ್ವ ಇಳಿಜಾರಿನಲ್ಲಿ, ಯೆಕಟೆರಿನ್‌ಬುರ್ಗ್ ನಗರದ ಈಶಾನ್ಯಕ್ಕೆ ಟೊಕೊವಾಯಾ ನದಿಯ ಪ್ರದೇಶವಿದೆ. ಇಲ್ಲಿ 1830ರ ದಶಕದ ಆರಂಭದಲ್ಲಿ ಪಚ್ಚೆಯ ನಿಕ್ಷೇಪಗಳು ಪತ್ತೆಯಾದವು. ಗಾಳಿಗೆ ಉರುಳಿದ ಮರವೊಂದರ ಬೇರುಗಳ ನಡುವೆ ಮ್ಯಾಕ್ಸಿಮ್ ಕೊಝೆವ್ನಿಕೋವ್ ಎಂಬ ರೈತನಿಗೆ ಹಸಿರು ಕಲ್ಲುಗಳು ದೊರೆತುದರಿಂದ ಈ ಗಣಿಗಾರಿಕೆ ಆರಂಭವಾಯಿತೆಂಬ ಕಥೆ ಪ್ರಚಲಿತವಾಗಿದೆ. ಅಲೆಕ್ಸಾಂಡ್ರೈಟ್ ಹೊರಬಂದುದು ಇದೇ ಪಚ್ಚೆಯ ಗಣಿಗಳಿಂದ.

ಈ ಕಲ್ಲಿನ ಪತ್ತೆಯೊಂದಿಗೆ ಇಬ್ಬರ ಹೆಸರುಗಳು ಸೇರಿಕೊಂಡಿವೆ. ಮೊದಲನೆಯವರು ಫಿನ್ಲೆಂಡಿನ ಖನಿಜವಿಜ್ಞಾನಿ ನಿಲ್ಸ್ ಗುಸ್ತಾಫ್ ನೊರ್ಡೆನ್‌ಶೋಲ್ಡ್ (1792–1866). ಆಗ ಫಿನ್ಲೆಂಡ್ ರಷ್ಯಾ ಸಾಮ್ರಾಜ್ಯದ ಅಧೀನದಲ್ಲಿತ್ತು. ಇದೇ ಉರಲ್ ಗಣಿಗಳಿಂದ ಬಂದ ಫೆನಕೈಟ್ ಎಂಬ ಮತ್ತೊಂದು ಬೆರಿಲಿಯಮ್ ಖನಿಜವನ್ನು ಅವರು 1833ರಲ್ಲಿ ವಿವರಿಸಿದ್ದರು. ಎರಡನೆಯವರು ರಷ್ಯಾದ ಉನ್ನತ ಅಧಿಕಾರಿಯೂ ಖನಿಜ ಸಂಗ್ರಾಹಕರೂ ಆಗಿದ್ದ ಕೌಂಟ್ ಲೆವ್ ಪೆರೊವ್‌ಸ್ಕಿ (1792–1856). ಪೆರೊವ್‌ಸ್ಕೈಟ್ ಎಂಬ ಖನಿಜಕ್ಕೆ ಇವರ ಹೆಸರನ್ನೇ ಇಡಲಾಗಿದೆ. ಇಂದು ಹೊಸ ಬಗೆಯ ಸೌರಕೋಶಗಳ ಸಂದರ್ಭದಲ್ಲಿ ಆ ಹೆಸರು ವ್ಯಾಪಕವಾಗಿ ಕೇಳಿಬರುತ್ತಿದೆ.

ಸಾಮಾನ್ಯವಾಗಿ ಹೇಳಲಾಗುವ ವೃತ್ತಾಂತ ಹೀಗಿದೆ: ಪೆರೊವ್‌ಸ್ಕಿಯವರಿಂದ ಬಂದ ಹಸಿರು ಕಲ್ಲೊಂದನ್ನು ನೊರ್ಡೆನ್‌ಶೋಲ್ಡ್ ಮೊದಲು ಪಚ್ಚೆಯೆಂದೇ ಭಾವಿಸಿದರು. ಆದರೆ ಅದರ ಗಡಸುತನ ಪಚ್ಚೆಗಿಂತ ಹೆಚ್ಚಾಗಿದ್ದುದು ಅವರಿಗೆ ಸಂದೇಹವನ್ನುಂಟುಮಾಡಿತು. ಅದೇ ದಿನ ಸಂಜೆ ಮೇಣದಬತ್ತಿಯ ಬೆಳಕಿನಲ್ಲಿ ಕಲ್ಲನ್ನು ಮತ್ತೆ ನೋಡಿದಾಗ ಅದು ಕೆಂಪಾಗಿ ಕಂಡಿತು. ಈ ವೃತ್ತಾಂತದ ನಾಟಕೀಯತೆಯು ಕಾಲಕ್ರಮದಲ್ಲಿ ಹೆಚ್ಚಿರಬಹುದಾದರೂ, ಇದರಲ್ಲಿನ ವೈಜ್ಞಾನಿಕ ಅಂಶವು ಸರಿಯಾಗಿದೆ. ಬಣ್ಣದಿಂದ ಪಚ್ಚೆಯಂತೆ ಕಾಣುವ ಅಲೆಕ್ಸಾಂಡ್ರೈಟ್ ಅನ್ನು ಗಡಸುತನದಿಂದ ಬೇರೆಯೆಂದು ಗುರುತಿಸುವುದು ಸಾಧ್ಯ.

ಕಲ್ಲು ದೊರೆತುದು 1834ರಲ್ಲಿ, ಯುವರಾಜ ಅಲೆಕ್ಸಾಂಡರನು 16 ವರ್ಷ ತುಂಬಿ ಪ್ರಾಪ್ತವಯಸ್ಕನಾದ ದಿನದಂದೇ ಎಂಬ ಮಾತು ಅನೇಕ ಪುಸ್ತಕಗಳಲ್ಲಿ ಕಂಡುಬರುತ್ತದೆ. ಇದನ್ನು ಐತಿಹ್ಯವೆಂದು ಪರಿಗಣಿಸುವುದೇ ಸೂಕ್ತ. ಹೊಸ ರತ್ನವೊಂದನ್ನು ರಾಜಕುಟುಂಬಕ್ಕೆ ಅರ್ಪಿಸುವಾಗ ದಿನಾಂಕವನ್ನು ಹೊಂದಿಸಿ ಹೇಳುವುದು ಅಂದಿನ ಆಸ್ಥಾನಗಳಲ್ಲಿ ಅಸಹಜವಾಗಿರಲಿಲ್ಲ. ಹೆಸರು ಯುವರಾಜನ ಗೌರವಾರ್ಥ ಇಡಲಾದುದೆಂಬುದರಲ್ಲಿ ಸಂದೇಹವಿಲ್ಲ. ಅಲೆಕ್ಸಾಂಡ್ರೈಟ್ ಎಂಬ ಹೆಸರಿನಲ್ಲಿ ಖನಿಜದ ವಿವರಣೆಯು 1842ರಲ್ಲಿ ಪ್ರಕಟವಾಯಿತು. ಹಸಿರು ಮತ್ತು ಕೆಂಪು ಬಣ್ಣಗಳು ರಷ್ಯಾದ ಸೈನ್ಯದ ಬಣ್ಣಗಳಾಗಿದ್ದುದರಿಂದ ಈ ಕಲ್ಲಿಗೆ ಆ ದೇಶದಲ್ಲಿ ವಿಶೇಷ ಮನ್ನಣೆ ದೊರೆಯಿತು.

ಉತ್ಪತ್ತಿ

ಅಲೆಕ್ಸಾಂಡ್ರೈಟ್ ಏಕೆ ಇಷ್ಟು ವಿರಳ ಎಂಬ ಪ್ರಶ್ನೆಗೆ ಭೂವಿಜ್ಞಾನವು ಉತ್ತರವನ್ನು ಕೊಡುತ್ತದೆ. ಇದರ ರಚನೆಗೆ ಬೆರಿಲಿಯಮ್ ಮತ್ತು ಕ್ರೋಮಿಯಮ್ ಎರಡೂ ಬೇಕು. ಈ ಎರಡು ಮೂಲವಸ್ತುಗಳು ಭೂಮಿಯ ಹೊರಪದರದಲ್ಲಿ ಸಾಮಾನ್ಯವಾಗಿ ಪರಸ್ಪರ ದೂರವಿರುವ ಶಿಲೆಗಳಲ್ಲಿ ನೆಲೆಸಿವೆ. ಬೆರಿಲಿಯಮ್ ಪರಮಾಣು ಬಹಳ ಚಿಕ್ಕದು. ಶಿಲಾರಸವು ತಣಿಯುವಾಗ ಮೊದಲು ರೂಪುಗೊಳ್ಳುವ ಖನಿಜಗಳಲ್ಲಿ ಅದಕ್ಕೆ ಸ್ಥಾನ ದೊರೆಯುವುದಿಲ್ಲ. ಆದ್ದರಿಂದ ಅದು ಕೊನೆಯವರೆಗೆ ಉಳಿದು, ಗ್ರಾನೈಟ್‌ಗೆ ಸಂಬಂಧಿಸಿದ ಪೆಗ್ಮಟೈಟ್ ಎಂಬ ಶಿಲೆಗಳಲ್ಲಿ ಮತ್ತು ಅವುಗಳಿಂದ ಹೊರಡುವ ಬಿಸಿ ದ್ರವಗಳಲ್ಲಿ ಸಂಗ್ರಹವಾಗುತ್ತದೆ. ಕ್ರೋಮಿಯಮ್ ಇದಕ್ಕೆ ವಿರುದ್ಧವಾಗಿ, ಭೂಮಿಯ ಆಳದಿಂದ ಬಂದ, ಮೆಗ್ನೀಸಿಯಮ್ ಮತ್ತು ಕಬ್ಬಿಣ ಹೆಚ್ಚಾಗಿರುವ ಅತಿಕ್ಷಾರೀಯ ಶಿಲೆಗಳಲ್ಲಿ ಮೊದಲೇ ಸೇರಿಹೋಗುತ್ತದೆ.

ಬೆರಿಲಿಯಮ್ ಹೊತ್ತ ದ್ರವಗಳು ಅಥವಾ ಪೆಗ್ಮಟೈಟ್‌ಗಳು ಕ್ರೋಮಿಯಮ್ ಇರುವ ಶಿಲೆಯೊಳಕ್ಕೆ ನುಗ್ಗಿದಾಗ ಮಾತ್ರ ಎರಡೂ ಸಂಧಿಸುತ್ತವೆ. ಅಷ್ಟಾದರೂ ಅಲೆಕ್ಸಾಂಡ್ರೈಟ್ ಉಂಟಾಗುವುದು ಖಚಿತವಲ್ಲ. ಅಲ್ಲಿ ಸಿಲಿಕಾ ಸಾಕಷ್ಟಿದ್ದರೆ ಬೆರಿಲಿಯಮ್ ಮತ್ತು ಅಲ್ಯೂಮಿನಿಯಮ್‌ಗಳು ಸಿಲಿಕಾದೊಂದಿಗೆ ಸೇರಿ ಬೆರಿಲ್ ಖನಿಜವಾಗುತ್ತವೆ. ಕ್ರೋಮಿಯಮ್ ಇರುವ ಬೆರಿಲ್ ಎಂದರೆ ಪಚ್ಚೆ. ಸಿಲಿಕಾ ಕೊರತೆಯಿದ್ದು ಅಲ್ಯೂಮಿನಿಯಮ್ ಹೆಚ್ಚಿದ್ದರೆ ಮಾತ್ರ ಕ್ರೈಸೊಬೆರಿಲ್ ರೂಪುಗೊಳ್ಳಬಲ್ಲದು. ಸುತ್ತಲಿನ ಅತಿಕ್ಷಾರೀಯ ಶಿಲೆಯು ಸಿಲಿಕಾವನ್ನು ಹೀರಿಕೊಂಡು ಅಭ್ರಕದಂತಹ ಖನಿಜಗಳಾಗಿ ಮಾರ್ಪಡುವಾಗ ಇಂತಹ ಕೊರತೆ ಉಂಟಾಗುತ್ತದೆ. ಉರಲ್ ಗಣಿಗಳಲ್ಲಿ ಅಲೆಕ್ಸಾಂಡ್ರೈಟ್ ಮತ್ತು ಪಚ್ಚೆ ಎರಡೂ ಅಭ್ರಕದ ಪದರಶಿಲೆಗಳಲ್ಲಿ ದೊರೆಯುವುದಕ್ಕೆ ಇದೇ ಕಾರಣ. ಒಂದೇ ಗಣಿಯಲ್ಲಿ, ಕೆಲವೇ ಅಡಿಗಳ ಅಂತರದಲ್ಲಿ, ಸಿಲಿಕಾದ ಪ್ರಮಾಣದಲ್ಲಿನ ವ್ಯತ್ಯಾಸವು ಪಚ್ಚೆಯೋ ಅಲೆಕ್ಸಾಂಡ್ರೈಟೋ ಎಂಬುದನ್ನು ನಿರ್ಧರಿಸಬಲ್ಲದು.

ರಸಾಯನಶಾಸ್ತ್ರದ ಇತಿಹಾಸದಲ್ಲಿಯೂ ಈ ಎರಡು ಮೂಲವಸ್ತುಗಳ ಸಂಗಮವೊಂದಿದೆ. ಕ್ರೋಮಿಯಮ್ (1797) ಮತ್ತು ಬೆರಿಲಿಯಮ್ (1798) ಎರಡನ್ನೂ ಗುರುತಿಸಿದವರು ಫ್ರಾನ್ಸಿನ ರಸಾಯನವಿಜ್ಞಾನಿ ಲೂಯಿ ನಿಕೋಲಾ ವೋಕ್ಲಾಂ. ಅವರು ಕ್ರೋಮಿಯಮ್ ಅನ್ನು ಕಂಡದ್ದು ಕ್ರೊಕೊಯೈಟ್ ಎಂಬ ಕೆಂಪು ಸೀಸದ ಅದಿರಿನಲ್ಲಿ. ಆ ಅದಿರು ಬಂದುದು ಯೆಕಟೆರಿನ್‌ಬುರ್ಗ್ ಬಳಿಯ ಬೆರೆಜೊವ್‌ಸ್ಕಿ ಗಣಿಗಳಿಂದ. ಹೀಗೆ ಅಲೆಕ್ಸಾಂಡ್ರೈಟ್‌ಗೆ ಬಣ್ಣ ಕೊಡುವ ಮೂಲವಸ್ತುವು, ಆ ರತ್ನವು ದೊರೆಯುವುದಕ್ಕೆ ಮೂರು ದಶಕಗಳಿಗೂ ಮೊದಲು, ಅದೇ ಪ್ರದೇಶದ ಖನಿಜವೊಂದರಿಂದಲೇ ಬೆಳಕಿಗೆ ಬಂದಿತ್ತು.

ಬಣ್ಣ ಬದಲಾವಣೆಯ ಕಾರಣ

ಬಿಳಿಯ ಬೆಳಕು ನೇರಳೆಯಿಂದ ಕೆಂಪಿನವರೆಗಿನ ಎಲ್ಲ ಬಣ್ಣಗಳ ಮಿಶ್ರಣ. ಬಣ್ಣದ ಹರಳೊಂದು ಈ ಮಿಶ್ರಣದ ಕೆಲವು ಭಾಗಗಳನ್ನು ಹೀರಿಕೊಂಡು ಉಳಿದವನ್ನು ಹೊರಬಿಡುತ್ತದೆ. ನಮಗೆ ಕಾಣುವುದು ಹೀಗೆ ಉಳಿದ ಬೆಳಕು. ಮಾಣಿಕ್ಯ, ಪಚ್ಚೆ ಮತ್ತು ಅಲೆಕ್ಸಾಂಡ್ರೈಟ್ ಈ ಮೂರರಲ್ಲೂ ಬೆಳಕನ್ನು ಹೀರುವ ಕೆಲಸವನ್ನು ಮುಖ್ಯವಾಗಿ ಮಾಡುವುದು ಕ್ರೋಮಿಯಮ್ ಅಯಾನೇ. ಆದರೂ ಮಾಣಿಕ್ಯ ಕೆಂಪು, ಪಚ್ಚೆ ಹಸಿರು. ಈ ವ್ಯತ್ಯಾಸಕ್ಕೆ ಕಾರಣ ಕ್ರೋಮಿಯಮ್ ಅಯಾನಿನ ಸುತ್ತಲಿರುವ ಆಮ್ಲಜನಕದ ಪರಮಾಣುಗಳು.

ಪ್ರತಿ ಕ್ರೋಮಿಯಮ್ ಅಯಾನನ್ನು ಆರು ಆಮ್ಲಜನಕದ ಪರಮಾಣುಗಳು ಸುತ್ತುವರಿದಿರುತ್ತವೆ. ಅವು ಉಂಟುಮಾಡುವ ವಿದ್ಯುತ್ ಪ್ರಭಾವವನ್ನು ಸ್ಫಟಿಕ ಕ್ಷೇತ್ರ ಎನ್ನುತ್ತಾರೆ. ಈ ಕ್ಷೇತ್ರವು ಬಲವಾಗಿದ್ದರೆ ಕ್ರೋಮಿಯಮ್‌ನ ಇಲೆಕ್ಟ್ರಾನುಗಳನ್ನು ಮೇಲಿನ ಶಕ್ತಿಸ್ತರಕ್ಕೆ ಏರಿಸಲು ಹೆಚ್ಚು ಶಕ್ತಿ ಬೇಕಾಗುತ್ತದೆ. ದುರ್ಬಲವಾಗಿದ್ದರೆ ಕಡಿಮೆ ಶಕ್ತಿ ಸಾಕು. ಮಾಣಿಕ್ಯದಲ್ಲಿ ಕ್ಷೇತ್ರವು ಬಲವಾಗಿದ್ದು, ಹೀರಿಕೆಯ ಪಟ್ಟಿಯೊಂದು ಹಸಿರಿನ ಮೇಲೆಯೇ ಬೀಳುತ್ತದೆ. ಹಸಿರು ನಷ್ಟವಾದುದರಿಂದ ಕಲ್ಲು ಕೆಂಪಾಗಿ ಕಾಣುತ್ತದೆ. ಪಚ್ಚೆಯಲ್ಲಿ ಕ್ಷೇತ್ರವು ದುರ್ಬಲವಾಗಿದ್ದು, ಅದೇ ಪಟ್ಟಿಯು ಕಿತ್ತಳೆ ಮತ್ತು ಕೆಂಪಿನ ಕಡೆಗೆ ಸರಿಯುತ್ತದೆ. ಕೆಂಪಿನ ಬಹುಭಾಗ ನಷ್ಟವಾಗಿ ಹಸಿರು ಉಳಿಯುತ್ತದೆ.

ಅಲೆಕ್ಸಾಂಡ್ರೈಟ್‌ನಲ್ಲಿ ಸ್ಫಟಿಕ ಕ್ಷೇತ್ರದ ಬಲವು ಈ ಎರಡರ ನಡುವೆ ಇದೆ. ಅದರ ಮುಖ್ಯ ಹೀರಿಕೆಯ ಪಟ್ಟಿಯು ಹಳದಿಯ ಭಾಗದಲ್ಲಿ, ಸುಮಾರು 570ರಿಂದ 580 ನ್ಯಾನೋಮೀಟರ್ ತರಂಗಾಂತರದ ಸುತ್ತ ಇರುತ್ತದೆ. ಇನ್ನೊಂದು ಪಟ್ಟಿಯು ನೇರಳೆಯ ಭಾಗದಲ್ಲಿ, ಸುಮಾರು 420 ನ್ಯಾನೋಮೀಟರ್ ಆಸುಪಾಸಿನಲ್ಲಿದೆ. ಹೀಗೆ ಹಳದಿಯು ನಷ್ಟವಾಗಿ, ಅದರ ಒಂದು ಬದಿಯಲ್ಲಿ ನೀಲಿ-ಹಸಿರಿನ ಕಿಟಕಿಯೂ ಇನ್ನೊಂದು ಬದಿಯಲ್ಲಿ ಕೆಂಪಿನ ಕಿಟಕಿಯೂ ತೆರೆದಿರುತ್ತವೆ. ಎರಡು ಕಿಟಕಿಗಳೂ ಹೆಚ್ಚುಕಡಿಮೆ ಸಮಾನವಾಗಿ ಬೆಳಕನ್ನು ಹೊರಬಿಡುತ್ತವೆ. ಯಾವ ಬಣ್ಣ ಗೆಲ್ಲುತ್ತದೆ ಎಂಬುದನ್ನು ಈಗ ಕಲ್ಲು ನಿರ್ಧರಿಸುವುದಿಲ್ಲ, ಹೊರಗಿನ ಬೆಳಕು ನಿರ್ಧರಿಸುತ್ತದೆ.

ಹಗಲಿನ ಬೆಳಕಿನಲ್ಲಿ ನೀಲಿ ಮತ್ತು ಹಸಿರಿನ ಅಂಶಗಳು ಹೇರಳವಾಗಿವೆ. ಮನುಷ್ಯನ ಕಣ್ಣು ಹಸಿರಿಗೆ ಹೆಚ್ಚು ಸಂವೇದನಾಶೀಲವೂ ಆಗಿದೆ. ಆದ್ದರಿಂದ ಹಗಲಿನಲ್ಲಿ ಹಸಿರು ಮೇಲುಗೈ ಪಡೆಯುತ್ತದೆ. ಮೇಣದಬತ್ತಿ ಅಥವಾ ತಂತಿಯ ಬಲ್ಬಿನ ಬೆಳಕಿನಲ್ಲಿ ನೀಲಿ-ಹಸಿರಿನ ಅಂಶಗಳು ಕಡಿಮೆ, ಕೆಂಪಿನ ಅಂಶ ಹೆಚ್ಚು. ಆಗ ಹಸಿರಿನ ಕಿಟಕಿಯ ಮೂಲಕ ಬರಲು ಬೆಳಕೇ ಸಾಲದೆ, ಕೆಂಪು ಮೇಲುಗೈ ಪಡೆಯುತ್ತದೆ. ಪಚ್ಚೆಗೆ ಅಥವಾ ಮಾಣಿಕ್ಯಕ್ಕೆ ಇಂತಹ ದ್ವಂದ್ವವಿಲ್ಲ. ಅವುಗಳಲ್ಲಿ ಒಂದು ಬಣ್ಣವು ಇನ್ನೊಂದಕ್ಕಿಂತ ಬಹಳ ಪ್ರಬಲವಾಗಿರುವುದರಿಂದ ದೀಪ ಬದಲಾದರೂ ಬಣ್ಣ ಬದಲಾಗದು.

ಪ್ರತಿದೀಪ್ತಿ ದೀಪಗಳು ಮತ್ತು ಎಲ್‌ಇಡಿ ದೀಪಗಳ ಬೆಳಕಿನಲ್ಲಿ ಬಣ್ಣಗಳ ಹಂಚಿಕೆ ಬೇರೆಯಾಗಿರುತ್ತದೆ. ಆದ್ದರಿಂದ ಇಂದಿನ ಮನೆಗಳಲ್ಲಿ ಉತ್ತಮ ಅಲೆಕ್ಸಾಂಡ್ರೈಟ್ ಕೂಡ ರಾತ್ರಿಯಲ್ಲಿ ಪೂರ್ಣ ಕೆಂಪಾಗದೆ ಬೂದು ಅಥವಾ ನೇರಳೆ ಛಾಯೆಯಲ್ಲಿ ನಿಲ್ಲಬಹುದು. ಇದು ಕಲ್ಲಿನ ದೋಷವಲ್ಲ.

ಇತರ ಕೆಲವು ರತ್ನಗಳೂ ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುತ್ತವೆ. ಕೆಲವು ನೀಲಗಳು, ಕೆಲವು ಗಾರ್ನೆಟ್‌ಗಳು, ಸ್ಪಿನೆಲ್‌ಗಳು ಮತ್ತು ಡಯಾಸ್ಪೋರ್ ಈ ಗುಂಪಿಗೆ ಸೇರಿವೆ. ಇಂತಹ ಎಲ್ಲ ಬದಲಾವಣೆಗಳನ್ನೂ ಒಟ್ಟಾಗಿ ‘ಅಲೆಕ್ಸಾಂಡ್ರೈಟ್ ಪರಿಣಾಮ’ ಎಂದು ಕರೆಯುವ ರೂಢಿಯಿದೆ.

ದೊರೆಯುವ ಸ್ಥಳಗಳು

ರಷ್ಯಾ: ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಉರಲ್ ಪ್ರದೇಶವೇ ಅಲೆಕ್ಸಾಂಡ್ರೈಟ್‌ನ ಪ್ರಮುಖ ಮೂಲವಾಗಿತ್ತು. ಅಲ್ಲಿನ ಉತ್ತಮ ಹರಳುಗಳು ಸ್ಪಷ್ಟವಾದ ನೀಲಿ ಮಿಶ್ರಿತ ಹಸಿರಿನಿಂದ ನೇರಳೆ ಮಿಶ್ರಿತ ಕೆಂಪಿಗೆ ತಿರುಗುವುದಕ್ಕೆ ಪ್ರಸಿದ್ಧವಾಗಿವೆ. ಆದರೆ ದೊಡ್ಡ ಗಾತ್ರದ, ನಿರ್ಮಲವಾದ ಹರಳುಗಳು ಅಲ್ಲಿ ಕಡಿಮೆ. ಕೊಚುಬೇ ಸಂಗ್ರಹದಿಂದ ಬಂದ, ಅಲೆಕ್ಸಾಂಡ್ರೈಟ್ ಸ್ಫಟಿಕಗಳ ಒಂದು ಪ್ರಸಿದ್ಧ ಗೊಂಚಲು ಮಾಸ್ಕೋದ ಫರ್ಸ್ಮನ್ ಖನಿಜ ವಸ್ತುಸಂಗ್ರಹಾಲಯದಲ್ಲಿದೆ.

ಶ್ರೀಲಂಕಾ: ಇಲ್ಲಿನ ಅಲೆಕ್ಸಾಂಡ್ರೈಟ್‌ಗಳು ನದಿಗಳು ತಂದು ಹಾಕಿದ ಮೆಕ್ಕಲು ಜಲ್ಲಿಯಲ್ಲಿ, ನೀಲ ಮುಂತಾದ ಇತರ ರತ್ನಗಳೊಂದಿಗೆ ದೊರೆಯುತ್ತವೆ. ಉರಲ್ ಹರಳುಗಳಿಗಿಂತ ಇವು ಗಾತ್ರದಲ್ಲಿ ದೊಡ್ಡವು. ಆದರೆ ಹಸಿರು ಛಾಯೆಯಲ್ಲಿ ಹಳದಿಯೂ, ಕೆಂಪು ಛಾಯೆಯಲ್ಲಿ ಕಂದೂ ಬೆರೆತಿರುವುದು ಸಾಮಾನ್ಯ. ಪಟ್ಟೆ ಹಾಕಲಾದ ಅತ್ಯಂತ ದೊಡ್ಡ ಅಲೆಕ್ಸಾಂಡ್ರೈಟ್‌ಗಳಲ್ಲಿ ಒಂದೆನಿಸಿದ 65.7 ಕ್ಯಾರಟ್ (ಸುಮಾರು 13 ಗ್ರಾಂ) ತೂಕದ ಶ್ರೀಲಂಕಾದ ಹರಳು ಅಮೆರಿಕದ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.

ಬ್ರೆಜಿಲ್: ಮಿನಾಸ್ ಜೆರೈಸ್ ರಾಜ್ಯದ ಹೆಮಟೀಟ ಎಂಬಲ್ಲಿ 1980ರ ದಶಕದ ಉತ್ತರಾರ್ಧದಲ್ಲಿ ಉತ್ಕೃಷ್ಟ ದರ್ಜೆಯ ನಿಕ್ಷೇಪವು ಪತ್ತೆಯಾಯಿತು. ಉರಲ್ ಹರಳುಗಳಿಗೆ ಸರಿಗಟ್ಟುವ ಬಣ್ಣ ಬದಲಾವಣೆಯನ್ನು ತೋರುವ, ನಿರ್ಮಲವೂ ಆದ ಕಲ್ಲುಗಳು ಇಲ್ಲಿಂದ ಬಂದವು. ಅದುವರೆಗೆ ಸಂಗ್ರಾಹಕರಿಗೆ ಮಾತ್ರ ಪರಿಚಿತವಾಗಿದ್ದ ಅಲೆಕ್ಸಾಂಡ್ರೈಟ್ ವಿಶಾಲವಾದ ಮಾರುಕಟ್ಟೆಗೆ ಬರಲು ಇದು ಕಾರಣವಾಯಿತು.

ಭಾರತ: ಛತ್ತೀಸ್‌ಗಢದ ದೇವಭೋಗ್ ಪ್ರದೇಶ, ಒಡಿಶಾ, ಆಂಧ್ರಪ್ರದೇಶದ ವಿಶಾಖಪಟ್ಟಣದ ಸುತ್ತಲಿನ ಪೂರ್ವ ಘಟ್ಟಗಳು ಹಾಗೂ ಕೇರಳದ ದಕ್ಷಿಣ ಭಾಗಗಳಲ್ಲಿ ಕ್ರೈಸೊಬೆರಿಲ್ ಮತ್ತು ಅಲೆಕ್ಸಾಂಡ್ರೈಟ್ ದೊರೆಯುತ್ತವೆ. ಪೂರ್ವ ಘಟ್ಟಗಳು, ಕೇರಳ ಮತ್ತು ಶ್ರೀಲಂಕಾದ ಹಳೆಯ ರೂಪಾಂತರ ಶಿಲೆಗಳು ಪ್ರಾಚೀನ ಗೊಂಡ್ವಾನ ಭೂಖಂಡದಲ್ಲಿ ಒಂದಕ್ಕೊಂದು ಸಮೀಪದಲ್ಲಿದ್ದವು. ಈ ಪ್ರದೇಶಗಳಲ್ಲಿ ಒಂದೇ ಬಗೆಯ ರತ್ನಗಳು ದೊರೆಯುವುದಕ್ಕೆ ಈ ಹಿನ್ನೆಲೆಯೂ ಒಂದು ಕಾರಣ.

ಇವಲ್ಲದೆ ತಾಂಜಾನಿಯಾ, ಮಡಗಾಸ್ಕರ್, ಜಿಂಬಾಬ್ವೆ ಮತ್ತು ಮ್ಯಾನ್ಮಾರ್‌ಗಳಲ್ಲಿಯೂ ಅಲೆಕ್ಸಾಂಡ್ರೈಟ್ ದೊರೆಯುತ್ತದೆ.

ವೈಡೂರ್ಯದೊಂದಿಗಿನ ಸಂಬಂಧ

ಭಾರತೀಯ ಸಂಪ್ರದಾಯದ ನವರತ್ನಗಳಲ್ಲಿ ಅಲೆಕ್ಸಾಂಡ್ರೈಟ್‌ಗೆ ಸ್ಥಾನವಿಲ್ಲ. ಪ್ರತ್ಯೇಕ ರತ್ನವೆಂದು ಇದು ಗುರುತಿಸಲ್ಪಟ್ಟುದೇ ಹತ್ತೊಂಬತ್ತನೆಯ ಶತಮಾನದಲ್ಲಿ. ಆದರೆ ಇದೇ ಖನಿಜದ ಇನ್ನೊಂದು ಬಗೆ ನವರತ್ನಗಳಲ್ಲಿದೆ, ಅದೇ ವೈಡೂರ್ಯ. ಇಂದು ಆಭರಣ ವ್ಯಾಪಾರದಲ್ಲಿ ವೈಡೂರ್ಯ ಅಥವಾ ಬೆಕ್ಕಿನ ಕಣ್ಣು ಎಂದು ಕರೆಯಲಾಗುವ ಕಲ್ಲು ಕ್ರೈಸೊಬೆರಿಲ್. ಅದರೊಳಗೆ ಸಮಾನಾಂತರವಾಗಿ ಹರಡಿರುವ ಸೂಜಿಯಂತಹ ಸೂಕ್ಷ್ಮ ರಚನೆಗಳು ಬೆಳಕನ್ನು ಒಂದು ಗೆರೆಯಾಗಿ ಪ್ರತಿಫಲಿಸುತ್ತವೆ. ಕಲ್ಲನ್ನು ಗುಮ್ಮಟದ ಆಕಾರಕ್ಕೆ ಉಜ್ಜಿದಾಗ ಆ ಗೆರೆಯು ಬೆಕ್ಕಿನ ಕಣ್ಣಿನ ಪಾಪೆಯಂತೆ ಕಾಣುತ್ತದೆ. ಬಣ್ಣ ಬದಲಾವಣೆ ಮತ್ತು ಈ ಗೆರೆ ಎರಡನ್ನೂ ತೋರುವ ಅಲೆಕ್ಸಾಂಡ್ರೈಟ್ ವೈಡೂರ್ಯಗಳೂ ಇದ್ದು, ಅವು ಇನ್ನಷ್ಟು ವಿರಳ.

ಪದದ ಇತಿಹಾಸವು ಇನ್ನೊಂದು ಸಂಬಂಧವನ್ನು ಸೂಚಿಸುತ್ತದೆ. ಸಂಸ್ಕೃತದ ‘ವೈಡೂರ್ಯ’ ಹಾಗೂ ಪ್ರಾಕೃತದ ‘ವೇರುಳಿಯ’ ಎಂಬ ರೂಪಗಳಿಂದ ಗ್ರೀಕ್ ಭಾಷೆಯ ಮೂಲಕ ‘ಬೆರಿಲ್’ ಎಂಬ ಪದ ಬಂದಿತೆಂದು ಭಾಷಾವಿದರು ಹೇಳುತ್ತಾರೆ. ಬೆರಿಲ್‌ನಿಂದ ಬೆರಿಲಿಯಮ್ ಎಂಬ ಹೆಸರು ಉಂಟಾಯಿತು. ‘ಕ್ರೈಸೊಬೆರಿಲ್’ ಎಂದರೆ ಹೊಂಬಣ್ಣದ ಬೆರಿಲ್. ಮೂಲ ಪದವು ದ್ರಾವಿಡ ಭಾಷೆಯದೆಂದೂ, ವೇಲೂರು ಅಥವಾ ಬೇಲೂರು ಎಂಬ ಊರಿನ ಹೆಸರಿಗೆ ಸಂಬಂಧಿಸಿರಬಹುದೆಂದೂ ಕೆಲವು ನಿಘಂಟುಗಳು ಊಹಿಸುತ್ತವೆ. ಊರಿನ ಕುರಿತ ಈ ಊಹೆ ನಿರ್ಣಾಯಕವಾಗಿ ಸಿದ್ಧಪಟ್ಟಿಲ್ಲ. ಬೆರಿಲ್ ಮತ್ತು ಕ್ರೈಸೊಬೆರಿಲ್ ಎಂಬ ಹೆಸರುಗಳು ಹತ್ತಿರವಿದ್ದರೂ ಅವು ಬೇರೆ ಬೇರೆ ಖನಿಜಗಳೆಂಬುದನ್ನು ಗಮನಿಸಬೇಕು.

ಮೌಲ್ಯ ನಿರ್ಣಯ

ಅಲೆಕ್ಸಾಂಡ್ರೈಟ್‌ನ ಬೆಲೆಯನ್ನು ಮುಖ್ಯವಾಗಿ ಬಣ್ಣ ಬದಲಾವಣೆಯ ಪೂರ್ಣತೆ ಮತ್ತು ಎರಡೂ ಬಣ್ಣಗಳ ಶುದ್ಧತೆ ನಿರ್ಧರಿಸುತ್ತವೆ. ಹಸಿರಿನಿಂದ ಕೆಂಪಿಗೆ ಸಂಪೂರ್ಣವಾಗಿ ತಿರುಗುವ ಕಲ್ಲಿಗೆ ಅತ್ಯಧಿಕ ಮೌಲ್ಯವಿದೆ. ಹಸಿರಿನಿಂದ ಕಂದಿಗೆ ತಿರುಗುವ ಅಥವಾ ಅಲ್ಪವಾಗಿ ಮಾತ್ರ ಬದಲಾಗುವ ಕಲ್ಲುಗಳ ಬೆಲೆ ಬಹಳ ಕಡಿಮೆ. ನಂತರದ ಸ್ಥಾನದಲ್ಲಿ ನಿರ್ಮಲತೆ, ತೂಕ ಮತ್ತು ಕತ್ತರಿಸಿದ ರೀತಿ ಬರುತ್ತವೆ. ಬಹುವರ್ಣತೆಯ ಕಾರಣ, ಕಲ್ಲನ್ನು ಯಾವ ದಿಕ್ಕಿನಲ್ಲಿ ಕತ್ತರಿಸಬೇಕೆಂಬುದನ್ನು ಕುಶಲಕರ್ಮಿಯು ಎಚ್ಚರಿಕೆಯಿಂದ ನಿರ್ಧರಿಸಬೇಕಾಗುತ್ತದೆ. ತಪ್ಪು ದಿಕ್ಕಿನಲ್ಲಿ ಕತ್ತರಿಸಿದರೆ ಉತ್ತಮ ಕಲ್ಲೂ ಮಂಕಾದ ಬದಲಾವಣೆಯನ್ನು ತೋರುತ್ತದೆ.

ಕಲ್ಲನ್ನು ಪರಿಶೀಲಿಸುವಾಗ ಎರಡು ಬೆಳಕುಗಳಲ್ಲಿ ನೋಡುವುದು ಅಗತ್ಯ: ನೇರ ಬಿಸಿಲಿಲ್ಲದ ಹಗಲಿನ ಬೆಳಕು ಮತ್ತು ತಂತಿಯ ಬಲ್ಬು ಅಥವಾ ಮೇಣದಬತ್ತಿಯ ಬೆಳಕು. ಅಂಗಡಿಗಳ ಎಲ್‌ಇಡಿ ದೀಪಗಳ ಕೆಳಗೆ ಮಾತ್ರ ನೋಡಿ ತೀರ್ಮಾನಿಸುವುದು ಸರಿಯಾಗದು. ಛಾಯಾಚಿತ್ರಗಳೂ ನಂಬಲರ್ಹವಲ್ಲ, ಕ್ಯಾಮೆರಾಗಳು ಬಿಳಿಯ ಸಮತೋಲನವನ್ನು ತಾವೇ ಸರಿಪಡಿಸಿಕೊಳ್ಳುವುದರಿಂದ ಬಣ್ಣಗಳು ವಾಸ್ತವಕ್ಕಿಂತ ಭಿನ್ನವಾಗಿ ದಾಖಲಾಗುತ್ತವೆ.

ಕೃತಕ ಹರಳುಗಳು ಮತ್ತು ಅನುಕರಣೆಗಳು

ಈ ವಿಷಯದಲ್ಲಿ ಎರಡು ಪದಗಳನ್ನು ಬೇರ್ಪಡಿಸಿ ತಿಳಿಯಬೇಕು. ಕೃತಕ ಅಲೆಕ್ಸಾಂಡ್ರೈಟ್ ಎಂದರೆ ಪ್ರಯೋಗಾಲಯದಲ್ಲಿ ಬೆಳೆಸಿದ, ನೈಸರ್ಗಿಕ ಕಲ್ಲಿನ ರಾಸಾಯನಿಕ ರಚನೆಯನ್ನೇ ಹೊಂದಿರುವ ಕ್ರೈಸೊಬೆರಿಲ್. ಅನುಕರಣೆ ಎಂದರೆ ಬೇರೊಂದು ವಸ್ತುವಿನಿಂದ ಮಾಡಿದ, ನೋಡಲು ಮಾತ್ರ ಹೋಲುವ ಕಲ್ಲು.

ಕೃತಕ ಅಲೆಕ್ಸಾಂಡ್ರೈಟ್‌ಗಳು 1970ರ ದಶಕದಿಂದ ವಾಣಿಜ್ಯ ಪ್ರಮಾಣದಲ್ಲಿ ತಯಾರಾಗುತ್ತಿವೆ. ಕರಗಿದ ಲವಣಗಳಲ್ಲಿ ವಸ್ತುವನ್ನು ವಿಲೀನಗೊಳಿಸಿ ನಿಧಾನವಾಗಿ ಸ್ಫಟಿಕ ಬೆಳೆಸುವ ವಿಧಾನ ಮತ್ತು ಕರಗಿದ ವಸ್ತುವಿನಿಂದ ಸ್ಫಟಿಕವನ್ನು ಮೇಲಕ್ಕೆ ಎಳೆಯುವ ಚೋಕ್ರಾಲ್‌ಸ್ಕಿ ವಿಧಾನ ಇವುಗಳಲ್ಲಿ ಪ್ರಮುಖ. ಇವು ನಿಜವಾದ ಬಣ್ಣ ಬದಲಾವಣೆಯನ್ನು ತೋರುವುದರಿಂದ ಬರಿಗಣ್ಣಿಗೆ ನೈಸರ್ಗಿಕ ಕಲ್ಲಿನಿಂದ ಬೇರೆಯಾಗಿ ಕಾಣುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಾಣುವ ಒಳಸೇರ್ಪಡೆಗಳು ಮತ್ತು ಬೆಳವಣಿಗೆಯ ಗುರುತುಗಳ ಆಧಾರದ ಮೇಲೆ ರತ್ನ ಪರೀಕ್ಷಾ ಪ್ರಯೋಗಾಲಯಗಳು ಇವನ್ನು ಗುರುತಿಸುತ್ತವೆ.

ಅನುಕರಣೆಗಳು ಇನ್ನೂ ಹಳೆಯವು. ವನೇಡಿಯಮ್ ಸೇರಿಸಿ ತಯಾರಿಸಿದ ಕೃತಕ ಕೊರಂಡಮ್ ಇಪ್ಪತ್ತನೆಯ ಶತಮಾನದಲ್ಲಿ ಅಲೆಕ್ಸಾಂಡ್ರೈಟ್ ಎಂಬ ಹೆಸರಿನಲ್ಲಿ ಪ್ರಪಂಚದಾದ್ಯಂತ, ವಿಶೇಷವಾಗಿ ಪ್ರವಾಸಿ ಸ್ಥಳಗಳಲ್ಲಿ, ಮಾರಾಟವಾಯಿತು. ಕುಟುಂಬಗಳಲ್ಲಿ ತಲೆಮಾರಿನಿಂದ ಬಂದ ‘ಅಲೆಕ್ಸಾಂಡ್ರೈಟ್’ ಉಂಗುರಗಳಲ್ಲಿ ಅನೇಕವು ಪರೀಕ್ಷೆಯ ವೇಳೆ ಈ ವಸ್ತುವೆಂದು ತಿಳಿದುಬರುತ್ತವೆ. ಇದು ಹಗಲಿನಲ್ಲಿ ಬೂದು ಮಿಶ್ರಿತ ನೀಲಿಯಾಗಿಯೂ ದೀಪದ ಬೆಳಕಿನಲ್ಲಿ ನೇರಳೆಯಾಗಿಯೂ ಕಾಣುತ್ತದೆ. ನಿಜವಾದ ಹಸಿರು ಇದರಲ್ಲಿ ಇರುವುದಿಲ್ಲ. ಇದರ ಸಾಪೇಕ್ಷ ಸಾಂದ್ರತೆ ಸುಮಾರು 4.0 ಇದ್ದು ಅಲೆಕ್ಸಾಂಡ್ರೈಟ್‌ಗಿಂತ ಹೆಚ್ಚು. ರೋಹಿತದರ್ಶಕದಲ್ಲಿ 475 ನ್ಯಾನೋಮೀಟರ್ ಬಳಿ ಕಾಣುವ ಗೆರೆಯು ವನೇಡಿಯಮ್‌ನ ಗುರುತು. ಬಣ್ಣ ಬದಲಿಸುವ ಕೃತಕ ಸ್ಪಿನೆಲ್ ಮತ್ತು ಗಾಜು ಕೂಡ ಅನುಕರಣೆಗಳಾಗಿ ಬಳಕೆಯಲ್ಲಿವೆ.

ದೊಡ್ಡದಾದ, ಕಳಂಕವಿಲ್ಲದ ಹಾಗೂ ಅಗ್ಗದ ಕಲ್ಲು ಅಲೆಕ್ಸಾಂಡ್ರೈಟ್ ಎಂಬ ಹೆಸರಿನಲ್ಲಿ ದೊರೆತರೆ ಅದು ನೈಸರ್ಗಿಕವಾಗಿರುವ ಸಂಭವ ಅತ್ಯಲ್ಪ. ಮನೆಯಲ್ಲಿ ಮಾಡುವ ಪರೀಕ್ಷೆಗಳಿಂದ ಖಚಿತ ತೀರ್ಮಾನಕ್ಕೆ ಬರಲಾಗದು. ಬೆಲೆಬಾಳುವ ಕಲ್ಲನ್ನು ಕೊಳ್ಳುವ ಮೊದಲು ಸ್ವತಂತ್ರ ಪ್ರಯೋಗಾಲಯದ ಪ್ರಮಾಣಪತ್ರ ಅವಶ್ಯಕ.

ಲೇಸರ್‌ಗಳಲ್ಲಿ ಬಳಕೆ

ಕೃತಕ ಅಲೆಕ್ಸಾಂಡ್ರೈಟ್ ಆಭರಣಗಳಿಗಷ್ಟೇ ಸೀಮಿತವಾಗಿಲ್ಲ. ಇದರಲ್ಲಿನ ಕ್ರೋಮಿಯಮ್ ಅಯಾನುಗಳನ್ನು ಬೆಳಕಿನಿಂದ ಉತ್ತೇಜಿಸಿ ಲೇಸರ್ ಕಿರಣವನ್ನು ಪಡೆಯಬಹುದು. 1960ರಲ್ಲಿ ನಿರ್ಮಾಣವಾದ ಮೊದಲ ಲೇಸರ್‌ನಲ್ಲಿ ಕೃತಕ ಮಾಣಿಕ್ಯವನ್ನು ಬಳಸಲಾಗಿತ್ತು. ಅದು ಒಂದೇ ತರಂಗಾಂತರದ ಬೆಳಕನ್ನು ಕೊಡುತ್ತದೆ. 1970ರ ದಶಕದಲ್ಲಿ ಅಭಿವೃದ್ಧಿಗೊಂಡ ಅಲೆಕ್ಸಾಂಡ್ರೈಟ್ ಲೇಸರ್‌ನ ತರಂಗಾಂತರವನ್ನು ಸುಮಾರು 700ರಿಂದ 820 ನ್ಯಾನೋಮೀಟರ್‌ಗಳ ನಡುವೆ ಹೊಂದಿಸಿಕೊಳ್ಳಬಹುದು. ಚರ್ಮ ಚಿಕಿತ್ಸಾಲಯಗಳಲ್ಲಿ ಬೇಡದ ಕೂದಲು ಮತ್ತು ಹಚ್ಚೆಗಳನ್ನು ತೆಗೆಯಲು 755 ನ್ಯಾನೋಮೀಟರ್ ತರಂಗಾಂತರದ ಅಲೆಕ್ಸಾಂಡ್ರೈಟ್ ಲೇಸರ್‌ಗಳು ಇಂದು ವ್ಯಾಪಕವಾಗಿ ಬಳಕೆಯಲ್ಲಿವೆ. ಈ ಬೆಳಕನ್ನು ಕೂದಲಿನ ಕಪ್ಪು ವರ್ಣದ್ರವ್ಯವಾದ ಮೆಲನಿನ್ ಹೀರಿಕೊಳ್ಳುತ್ತದೆ. ಚರ್ಮದಲ್ಲಿಯೂ ಅದೇ ವರ್ಣದ್ರವ್ಯವಿರುವ ಕಾರಣ, ಗಾಢ ಮೈಬಣ್ಣದವರಲ್ಲಿ ಈ ಲೇಸರ್‌ನಿಂದ ಚರ್ಮ ಸುಡುವ ಅಪಾಯ ಹೆಚ್ಚು. ಅಂಥವರಿಗೆ ವೈದ್ಯರು ಸಾಮಾನ್ಯವಾಗಿ ಇನ್ನೂ ದೀರ್ಘ ತರಂಗಾಂತರದ ಲೇಸರ್‌ಗಳನ್ನು ಆರಿಸುತ್ತಾರೆ.

ಸಂಸ್ಕೃತಿಯಲ್ಲಿ

ಅಲೆಕ್ಸಾಂಡರನು 1855ರಲ್ಲಿ ಚಕ್ರವರ್ತಿಯಾದನು. 1861ರಲ್ಲಿ ರಷ್ಯಾದ ಜೀತಪದ್ಧತಿಯನ್ನು ರದ್ದುಗೊಳಿಸಿದ ಆತನನ್ನು 1881ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕ್ರಾಂತಿಕಾರಿಗಳು ಬಾಂಬ್ ಎಸೆದು ಕೊಂದರು. ಆ ಬಳಿಕ ಈ ರತ್ನದ ಎರಡು ಬಣ್ಣಗಳಿಗೆ ಹೊಸ ಅರ್ಥವೊಂದು ಸೇರಿತು. ರಷ್ಯಾದ ಲೇಖಕ ನಿಕೊಲಾಯ್ ಲೆಸ್ಕೋವ್ 1880ರ ದಶಕದಲ್ಲಿ ಬರೆದ ‘ಅಲೆಕ್ಸಾಂಡ್ರೈಟ್’ ಎಂಬ ಕಥೆಯಲ್ಲಿ ಈ ಕಲ್ಲಿನ ಹಸಿರು ಮತ್ತು ಕೆಂಪು, ಚಕ್ರವರ್ತಿಯ ಆಳ್ವಿಕೆಯ ಆಶಾದಾಯಕ ಆರಂಭ ಮತ್ತು ರಕ್ತಸಿಕ್ತ ಅಂತ್ಯದ ಸಂಕೇತಗಳಾಗಿ ಬರುತ್ತವೆ. ರಷ್ಯಾದ ಹೊರಗೆ ಈ ರತ್ನದ ಪ್ರಚಾರಕ್ಕೆ ಕಾರಣರಾದವರಲ್ಲಿ ಅಮೆರಿಕದ ಟಿಫನಿ ಸಂಸ್ಥೆಯ ರತ್ನತಜ್ಞ ಜಾರ್ಜ್ ಫ್ರೆಡರಿಕ್ ಕುಂಜ್ ಪ್ರಮುಖರು.

ಅಮೆರಿಕದ ಆಭರಣ ಉದ್ಯಮವು 1952ರಲ್ಲಿ ಪರಿಷ್ಕರಿಸಿದ ಜನ್ಮರತ್ನಗಳ ಪಟ್ಟಿಯಲ್ಲಿ ಜೂನ್ ತಿಂಗಳಿಗೆ ಅಲೆಕ್ಸಾಂಡ್ರೈಟ್ ಅನ್ನು ಸೇರಿಸಲಾಯಿತು. ಮುತ್ತು ಮತ್ತು ಚಂದ್ರಕಾಂತ ಶಿಲೆ ಆ ತಿಂಗಳ ಇತರ ರತ್ನಗಳು. ಈ ಪಟ್ಟಿಯು ಆಧುನಿಕ ವಾಣಿಜ್ಯದ ರೂಢಿಯೇ ಹೊರತು ಪ್ರಾಚೀನ ಸಂಪ್ರದಾಯವಲ್ಲ.

ಆರೈಕೆ

ಗಡಸುತನ ಹೆಚ್ಚಿರುವುದರಿಂದ ಅಲೆಕ್ಸಾಂಡ್ರೈಟ್ ದಿನನಿತ್ಯ ಧರಿಸುವ ಉಂಗುರಗಳಿಗೂ ಯೋಗ್ಯವಾಗಿದೆ. ಬಿಸಿಲಿನಿಂದ ಇದರ ಬಣ್ಣ ಮಾಸುವುದಿಲ್ಲ. ಉಗುರುಬೆಚ್ಚಗಿನ ಸಾಬೂನು ನೀರು ಮತ್ತು ಮೃದುವಾದ ಕುಂಚದಿಂದ ಇದನ್ನು ಶುಚಿಗೊಳಿಸಬಹುದು. ಒಳಬಿರುಕುಗಳಿರುವ ಕಲ್ಲುಗಳನ್ನು ಶ್ರವಣಾತೀತ ಯಂತ್ರದಲ್ಲಿ ಅಥವಾ ಹಬೆಯಿಂದ ಶುಚಿಗೊಳಿಸಬಾರದು. ವಜ್ರ, ಮಾಣಿಕ್ಯ ಮತ್ತು ನೀಲಗಳು ಇದರ ಮೇಲೆ ಗೀರು ಮೂಡಿಸಬಲ್ಲವಾದುದರಿಂದ ಅವುಗಳಿಂದ ಬೇರ್ಪಡಿಸಿ ಇಡುವುದು ಉಚಿತ.